ಡೇಟಾಬೇಸ್ ಅಪ್‌ಗ್ರೇಡ್ ಆದ ಮೇಲೆ ‘ಪರ್ಮಿಷನ್ ಡಿನೈಡ್’: ತಡೆಯುತ್ತಿರುವುದು ಯಾವುದೆಂದು ಪತ್ತೆಹಚ್ಚಿ ಸರಿಪಡಿಸುವ ಕ್ರಮ

ಡೇಟಾಬೇಸ್ ಸರ್ವರ್‌ನ ಹೊಸ ಆವೃತ್ತಿಯನ್ನು ಅಳವಡಿಸಿದ ಮೇಲೆ ಸೇವೆ ಆರಂಭವಾಗುತ್ತಿಲ್ಲ, ಲಾಗ್ ತೆರೆದರೆ ‘ಪರ್ಮಿಷನ್ ಡಿನೈಡ್’ ಎಂಬ ಸಾಲು ಕಾಣುತ್ತಿದೆ, ಮುಂದೇನು ಮಾಡಬೇಕು ಎಂದು ಓದುಗರು ಪದೇ ಪದೇ ಕೇಳುತ್ತಿದ್ದಾರೆ. ಇಂಥ ಪ್ರಶ್ನೆಯ ಕೊನೆಯಲ್ಲಿ ಹೆಚ್ಚಾಗಿ ಇನ್ನೊಂದು ಮಾತೂ ಇರುತ್ತದೆ: ‘777 ಕೊಟ್ಟೂ ನೋಡಿದೆ, ಆದರೂ ಆಗಲಿಲ್ಲ.’ ಆ ಮಾತಿನಲ್ಲೇ ಸುಳಿವಿದೆ. ಡೇಟಾಬೇಸ್ ಪ್ರಕ್ರಿಯೆಯೊಂದು ಕಡತವನ್ನು ತೆರೆಯುವುದನ್ನು ತಡೆಯಬಲ್ಲ ಕಾವಲುಗಳು ಐದು ಇವೆ. ಕಡತದ ಮಾಲೀಕತ್ವ ಮತ್ತು ಅನುಮತಿ ಒಂದು, ಅದರ ಮೇಲಿರುವ ಡೈರೆಕ್ಟರಿಗಳು ಇನ್ನೊಂದು. ಎಸ್‌ಇಲಿನಕ್ಸ್ ಅಥವಾ ಆ್ಯಪ್‌ಆರ್ಮರ್‌ನಂಥ ಭದ್ರತಾ ಪದರ, ಸೇವೆಯನ್ನು ನಡೆಸುವ ಸಿಸ್ಟಮ್‌ಡಿಯ ನಿರ್ಬಂಧಗಳು ಮತ್ತು ಕೊನೆಯದಾಗಿ ಸ್ವತಃ ಡೇಟಾಬೇಸ್ ಸರ್ವರ್ ಉಳಿದ ಮೂರು. ಎಲ್ಲರಿಗೂ ಎಲ್ಲವನ್ನೂ ತೆರೆದಿಡುವ 777 ಮೊದಲೆರಡನ್ನು ಮಾತ್ರ ದಾಟಿಸೀತು. ಕೊನೆಯದನ್ನು ಅದು ಇನ್ನಷ್ಟು ಕೆರಳಿಸುತ್ತದೆ. ಆದ್ದರಿಂದ ತಡೆಯುತ್ತಿರುವುದು ಯಾವುದೆಂದು ಮೊದಲು ಗುರುತಿಸಿ, ಅದನ್ನಷ್ಟೇ ಬದಲಿಸಬೇಕು.

ಇಲ್ಲಿನ ವಿವರಣೆ ಲಿನಕ್ಸ್ ಮೇಲೆ ನಡೆಯುವ ಪೋಸ್ಟ್‌ಗ್ರೆಸ್‌ಕ್ಯೂಎಲ್, ಮೈಎಸ್‌ಕ್ಯೂಎಲ್ ಮತ್ತು ಮರಿಯಾಡಿಬಿಗೆ ಸಂಬಂಧಿಸಿದ್ದು. ಆಜ್ಞೆಗಳ ಮತ್ತು ಡೈರೆಕ್ಟರಿಗಳ ಹೆಸರನ್ನು ಉಚ್ಚಾರಣೆಯಂತೆ ಕನ್ನಡದಲ್ಲಿ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಅವನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಟೈಪಿಸಬೇಕು.

ಬೇಕಾಗುವ ಸಿದ್ಧತೆ

ಸರ್ವರ್ ಮೇಲೆ ರೂಟ್ ಅಥವಾ ಸುಡೊ ಅಧಿಕಾರ, ಅಪ್‌ಗ್ರೇಡ್‌ಗೆ ಮುಂಚೆ ತೆಗೆದ ಬ್ಯಾಕಪ್, ಹಾಗೂ ಡೇಟಾ ಡೈರೆಕ್ಟರಿ ಎಲ್ಲಿದೆ ಎಂಬ ಖಚಿತ ಮಾಹಿತಿ ನಿಮ್ಮ ಬಳಿ ಇರಬೇಕು. ಡೇಟಾ ಡೈರೆಕ್ಟರಿ ಎಂದರೆ ಸರ್ವರ್ ತನ್ನ ಎಲ್ಲ ಟೇಬಲ್‌ಗಳನ್ನೂ ಆಂತರಿಕ ಲಾಗ್‌ಗಳನ್ನೂ ಇಟ್ಟುಕೊಳ್ಳುವ ಜಾಗ. ಮೈಎಸ್‌ಕ್ಯೂಎಲ್ ಮತ್ತು ಮರಿಯಾಡಿಬಿಯಲ್ಲಿ ಅದು ಸಾಮಾನ್ಯವಾಗಿ /ವರ್/ಲಿಬ್/ಮೈಎಸ್‌ಕ್ಯೂಎಲ್. ಪೋಸ್ಟ್‌ಗ್ರೆಸ್ ಡೆಬಿಯನ್ ಮತ್ತು ಉಬುಂಟುವಿನಲ್ಲಿ /ವರ್/ಲಿಬ್/ಪೋಸ್ಟ್‌ಗ್ರೆಸ್‌ಕ್ಯೂಎಲ್ ಒಳಗೆ ಆವೃತ್ತಿಸಂಖ್ಯೆಯ ಡೈರೆಕ್ಟರಿಯನ್ನು ಮಾಡಿಕೊಳ್ಳುತ್ತದೆ. ರೆಡ್ ಹ್ಯಾಟ್ ಬಳಗದ ವ್ಯವಸ್ಥೆಗಳಲ್ಲಿ ಅದು /ವರ್/ಲಿಬ್/ಪಿಜಿಎಸ್‌ಕ್ಯೂಎಲ್ ಅಡಿಯಲ್ಲಿರುತ್ತದೆ. ಹಿಂದೆ ಯಾರಾದರೂ ಡೇಟಾವನ್ನು ಬೇರೆ ಡಿಸ್ಕ್‌ಗೆ ಸಾಗಿಸಿದ್ದರೆ ಆ ಸಂಗತಿ ಈಗಲೇ ನಿಮಗೆ ತಿಳಿದಿರಬೇಕು, ಏಕೆಂದರೆ ಈ ಬಗೆಯ ತೊಂದರೆಗಳಲ್ಲಿ ಬಹುಪಾಲು ಅಂಥ ಸರ್ವರ್‌ಗಳಲ್ಲೇ ಕಾಣಿಸಿಕೊಳ್ಳುತ್ತವೆ.

ಹಂತ 1: ಸಂದೇಶವನ್ನು ಪೂರ್ತಿಯಾಗಿ ಓದಿ

ಸೇವೆಯನ್ನು ಮತ್ತೆ ಮತ್ತೆ ಆರಂಭಿಸಲು ಯತ್ನಿಸುವುದನ್ನು ಬಿಟ್ಟು, ಒಮ್ಮೆ ನಿಲ್ಲಿಸಿ ಲಾಗ್ ನೋಡಿ. ‘ಜರ್ನಲ್‌ಸಿಟಿಎಲ್’ ಆಜ್ಞೆಗೆ ಸೇವೆಯ ಹೆಸರು ಕೊಟ್ಟರೆ ಸಿಸ್ಟಮ್‌ಡಿ ಕಂಡದ್ದು ಸಿಗುತ್ತದೆ. ಡೇಟಾಬೇಸ್‌ನ ಸ್ವಂತ ದೋಷಲಾಗ್ ಬೇರೆ ಕಡೆ ಇರಬಹುದು, ಅದನ್ನೂ ತೆರೆಯಿರಿ. ಕೊನೆಯ ಸಾಲಿನಲ್ಲಿ ‘ಸೇವೆ ವಿಫಲವಾಯಿತು’ ಎಂದಷ್ಟೇ ಇರುತ್ತದೆ. ಕಾರಣ ಅದಕ್ಕಿಂತ ಹಲವು ಸಾಲು ಮೇಲೆ, ಮೊದಲ ದೋಷದ ಜಾಗದಲ್ಲಿ ಸಿಗುತ್ತದೆ.

ಮೈಎಸ್‌ಕ್ಯೂಎಲ್ ಬಳಗದ ಸಂದೇಶಗಳಲ್ಲಿ ಒಂದು ಸಂಖ್ಯೆ ಇರುತ್ತದೆ. ಅದು ಕಾರ್ಯಾಚರಣೆ ವ್ಯವಸ್ಥೆ ಹಿಂದಿರುಗಿಸಿದ ದೋಷಸಂಖ್ಯೆ, ಮತ್ತು ಇಡೀ ಪತ್ತೆಕಾರ್ಯದ ದಿಕ್ಕನ್ನು ಅದೇ ತೀರ್ಮಾನಿಸುತ್ತದೆ. 13 ಇದ್ದರೆ ಅನುಮತಿ ನಿರಾಕರಣೆ. 2 ಇದ್ದರೆ ಕಡತ ಅಥವಾ ಡೈರೆಕ್ಟರಿಯೇ ಇಲ್ಲ. 28 ಎಂದರೆ ಡಿಸ್ಕ್ ತುಂಬಿದೆ, 30 ಎಂದರೆ ಆ ಡಿಸ್ಕ್ ಓದಲು ಮಾತ್ರ ಎಂಬ ಸ್ಥಿತಿಯಲ್ಲಿ ಮೌಂಟ್ ಆಗಿದೆ. ಕಡತವನ್ನು ಲಾಕ್ ಮಾಡಲಾಗಲಿಲ್ಲ ಎಂಬ ಸಂದೇಶದ ಜೊತೆ 11 ಬಂದರೆ, ಹಳೆಯ ಸರ್ವರ್ ಪ್ರಕ್ರಿಯೆ ಇನ್ನೂ ನಿಂತಿಲ್ಲ ಎಂದು ಅರ್ಥ. ಅದಕ್ಕೂ ಅನುಮತಿಗೂ ಸಂಬಂಧವಿಲ್ಲ. ಯಾವುದೇ ಸಂಖ್ಯೆಯ ಅರ್ಥ ತಿಳಿಯಲು ಮೈಎಸ್‌ಕ್ಯೂಎಲ್ ಜೊತೆಗೇ ಬರುವ ‘ಪಿಎರರ್’ ಆಜ್ಞೆಗೆ ಆ ಸಂಖ್ಯೆ ಕೊಟ್ಟರೆ ಸಾಕು. ಕ್ಲೈಂಟ್ ತೋರಿಸುವ 2002 ಎಂಬ ದೋಷದಲ್ಲಿ, ಸಾಕೆಟ್ ಕಡತದ, ಅಂದರೆ ಕ್ಲೈಂಟ್ ಮತ್ತು ಸರ್ವರ್ ಪರಸ್ಪರ ಮಾತಾಡುವ ಕಡತದ, ಹೆಸರಾದ ಮೇಲೆ ಆವರಣದೊಳಗೆ ಬರುವ ಅಂಕಿಯೂ ಇದೇ ಪಟ್ಟಿಗೆ ಸೇರಿದ್ದು: ಅಲ್ಲಿ 2 ಇದ್ದರೆ ಸಾಕೆಟ್ ಇಲ್ಲ, ಬಹುಶಃ ಸರ್ವರ್ ಎದ್ದೇ ಇಲ್ಲ; 13 ಇದ್ದರೆ ಅದನ್ನು ತಲುಪಲು ನಿಮಗೆ ಅನುಮತಿಯಿಲ್ಲ.

ಅನುಮತಿಯ ತೊಂದರೆಯಂತೆ ಕಂಡರೂ ಕಡತಗಳಿಗೆ ಸಂಬಂಧಿಸದ ಕೆಲವು ಸಂದೇಶಗಳನ್ನು ಇಲ್ಲಿಯೇ ಬೇರ್ಪಡಿಸಿಕೊಳ್ಳಿ. ಮೈಎಸ್‌ಕ್ಯೂಎಲ್‌ನ 1045, ಅಂದರೆ ‘ಆ್ಯಕ್ಸೆಸ್ ಡಿನೈಡ್ ಫಾರ್ ಯೂಸರ್’, ಡೇಟಾಬೇಸ್ ಬಳಕೆದಾರನ ಪಾಸ್‌ವರ್ಡಿಗೆ ಅಥವಾ ಲಾಗಿನ್ ವಿಧಾನಕ್ಕೆ ಸೇರಿದ್ದು. ಪೋಸ್ಟ್‌ಗ್ರೆಸ್‌ನ ‘ಪೀರ್ ಅಥೆಂಟಿಕೇಶನ್ ಫೇಲ್ಡ್’ ಕೂಡ ಹಾಗೆಯೇ. ಪೋಸ್ಟ್‌ಗ್ರೆಸ್ 14 ಅಥವಾ ಅದಕ್ಕಿಂತ ಹಳೆಯದರಿಂದ 15 ಅಥವಾ ನಂತರದ ಆವೃತ್ತಿಗೆ ಹೋದವರಿಗೆ ‘ಪರ್ಮಿಷನ್ ಡಿನೈಡ್ ಫಾರ್ ಸ್ಕೀಮಾ ಪಬ್ಲಿಕ್’ ಎಂಬುದು ಎದುರಾಗಬಹುದು. 15ನೇ ಆವೃತ್ತಿಯಿಂದ ಹೊಸದಾಗಿ ರಚಿಸುವ ಡೇಟಾಬೇಸ್‌ಗಳ ಪಬ್ಲಿಕ್ ಸ್ಕೀಮಾದಲ್ಲಿ, ಅಂದರೆ ಟೇಬಲ್‌ಗಳನ್ನಿಡುವ ಮಾಮೂಲಿ ವಿಭಾಗದಲ್ಲಿ, ಟೇಬಲ್ ರಚಿಸುವ ಹಕ್ಕು ಎಲ್ಲರಿಗೂ ತಾನಾಗಿ ಸಿಗುವುದಿಲ್ಲ. ಇದಕ್ಕೆ ಡೇಟಾಬೇಸ್ ಒಳಗೆ ‘ಗ್ರ್ಯಾಂಟ್’, ಅಂದರೆ ಹಕ್ಕು ಕೊಡುವ ಆಜ್ಞೆ, ಬೇಕು. ಡಿಸ್ಕಿನ ಮೇಲೆ ಏನು ಮಾಡಿದರೂ ಪ್ರಯೋಜನವಿಲ್ಲ.

ಹಂತ 2: ಈಗಿನ ಸ್ಥಿತಿಯನ್ನು ದಾಖಲಿಸಿಕೊಳ್ಳಿ

ಬಹುತೇಕರು ಹಾರಿಬಿಡುವ ಹಂತವಿದು. ಏನನ್ನಾದರೂ ಬದಲಿಸುವ ಮುನ್ನ, ‘ಗೆಟ್‌ಎಫ್‌ಎಸಿಎಲ್’ ಆಜ್ಞೆಯನ್ನು ದೊಡ್ಡಕ್ಷರದ ಆರ್ ಆಯ್ಕೆಯೊಂದಿಗೆ ಡೇಟಾ ಡೈರೆಕ್ಟರಿಯ ಮೇಲೆ ಓಡಿಸಿ, ಅದರ ಫಲಿತವನ್ನು ಬೇರೆ ಜಾಗದ ಕಡತವೊಂದಕ್ಕೆ ಬರೆಸಿ. ಪ್ರತಿ ಕಡತದ ಮಾಲೀಕ, ಗುಂಪು ಮತ್ತು ಅನುಮತಿಗಳು ಅದರಲ್ಲಿ ದಾಖಲಾಗುತ್ತವೆ. ನಿಮ್ಮ ದುರಸ್ತಿ ಎಡವಟ್ಟಾದರೆ ‘ಸೆಟ್‌ಎಫ್‌ಎಸಿಎಲ್’ ಆಜ್ಞೆಯ ರಿಸ್ಟೋರ್ ಆಯ್ಕೆಗೆ ಇದೇ ಕಡತವನ್ನು ರೂಟ್ ಆಗಿ ಕೊಟ್ಟು ಮೊದಲಿನ ಸ್ಥಿತಿಗೆ ಮರಳಬಹುದು. ಆ ಕಡತದಲ್ಲಿ ಹಾದಿಗಳು ಮೊದಲಿನ ಓರೆಗೆರೆಯಿಲ್ಲದೆ ಸಾಪೇಕ್ಷವಾಗಿ ದಾಖಲಾಗುವುದರಿಂದ, ಎರಡೂ ಆಜ್ಞೆಗಳನ್ನು ಮೂಲ ಡೈರೆಕ್ಟರಿಯಲ್ಲಿ, ಅಂದರೆ / ನಲ್ಲಿ, ನಿಂತು ಓಡಿಸಿ.

ಹಂತ 3: ಸರ್ವರ್ ಯಾರ ಹೆಸರಿನಲ್ಲಿ ಓಡುತ್ತಿದೆ, ಕಡತಗಳು ಯಾರ ಹೆಸರಿನಲ್ಲಿವೆ

ಸಿಸ್ಟಮ್‌ಡಿ ಸೇವೆಯ ‘ಯೂಸರ್’ ಸಾಲನ್ನು ‘ಸಿಸ್ಟಮ್‌ಸಿಟಿಎಲ್ ಕ್ಯಾಟ್’ ಮೂಲಕ ನೋಡಿ. ಸಾಮಾನ್ಯವಾಗಿ ಅದು ಪೋಸ್ಟ್‌ಗ್ರೆಸ್ ಅಥವಾ ಮೈಎಸ್‌ಕ್ಯೂಎಲ್ ಎಂಬ ಬಳಕೆದಾರ. ಅಲ್ಲಿ ಸಿಗದಿದ್ದರೆ ಸರ್ವರ್‌ನ ಕಾನ್ಫಿಗರೇಶನ್‌ನಲ್ಲಿ ಹುಡುಕಿ. ನಂತರ ‘ಐಡಿ’ ಆಜ್ಞೆಗೆ ಆ ಹೆಸರು ಕೊಟ್ಟು ಬಳಕೆದಾರಸಂಖ್ಯೆಯನ್ನು, ಅಂದರೆ ಯುಐಡಿಯನ್ನು, ತಿಳಿದುಕೊಳ್ಳಿ. ಡಿಸ್ಕಿನಲ್ಲಿ ದಾಖಲಾಗಿರುವುದು ಈ ಸಂಖ್ಯೆ ಮಾತ್ರ. ‘ಎಲ್‌ಎಸ್’ ತೋರಿಸುವ ಹೆಸರು ಆ ಕ್ಷಣದಲ್ಲಿ ಆ ಯಂತ್ರದಲ್ಲಿ ಹುಡುಕಿ ತಂದದ್ದು. ಆದ್ದರಿಂದ ‘ಎಲ್‌ಎಸ್’ ಅನ್ನು ಎಲ್ ಮತ್ತು ಎನ್ ಆಯ್ಕೆಗಳೊಂದಿಗೆ ಬಳಸಿ, ಸಂಖ್ಯೆಗಳನ್ನೇ ಹೋಲಿಸಿ.

ಅಪ್‌ಗ್ರೇಡ್ ನಂತರ ಸಂಖ್ಯೆಗಳು ಹೊಂದದಿರಲು ಕಾರಣಗಳು ಹಲವು. ಹೊಸ ಯಂತ್ರ ಕಟ್ಟಿ ಹಳೆಯ ಡಿಸ್ಕನ್ನು ಅದಕ್ಕೆ ಜೋಡಿಸಿದ್ದರೆ, ಡೆಬಿಯನ್‌ನಂಥ ವ್ಯವಸ್ಥೆಗಳು ಸೇವಾ ಬಳಕೆದಾರರಿಗೆ ಆಗ ಖಾಲಿಯಿರುವ ಸಂಖ್ಯೆಯನ್ನು ಕೊಡುವುದರಿಂದ ಎರಡು ಯಂತ್ರಗಳಲ್ಲಿ ಅದು ಬೇರೆ ಬೇರೆಯಾಗಿರುವುದು ಸಹಜ. ಕಂಟೇನರ್‌ಗಳಲ್ಲಿ ಇದು ಇನ್ನೂ ಕಾಣದಂತೆ ನಡೆಯುತ್ತದೆ: ಪೋಸ್ಟ್‌ಗ್ರೆಸ್‌ನ ಅಧಿಕೃತ ಡಾಕರ್ ಇಮೇಜ್ ಡೆಬಿಯನ್ ಮೂಲದ್ದಾದರೆ ಯುಐಡಿ 999, ಆಲ್ಪೈನ್ ಮೂಲದ್ದಾದರೆ 70. ಆವೃತ್ತಿ ಏರಿಸುವಾಗಲೇ ‘ಚಿಕ್ಕ ಇಮೇಜ್ ಇರಲಿ’ ಎಂದು ಆಲ್ಪೈನ್‌ಗೆ ಬದಲಿಸಿದವರ ಡೇಟಾ, ಹೊಸ ಸರ್ವರ್‌ನ ದೃಷ್ಟಿಯಲ್ಲಿ ಅಪರಿಚಿತನ ಸ್ವತ್ತಾಗಿಬಿಡುತ್ತದೆ.

ಇನ್ನೊಂದು ಕಾರಣ ನಾವೇ ಮಾಡಿಕೊಳ್ಳುವಂಥದ್ದು. ಸೇವೆ ಏಳದಿದ್ದಾಗ ಮೈಎಸ್‌ಕ್ಯೂಎಲ್ ಸರ್ವರನ್ನು ರೂಟ್ ಬಳಕೆದಾರನಾಗಿ ಕೈಯಾರೆ ಓಡಿಸಿ ಪರೀಕ್ಷಿಸಿದರೆ, ಆ ಕೆಲವು ಕ್ಷಣಗಳಲ್ಲಿ ಅದು ರಚಿಸಿದ ರೀಡೂ ಲಾಗ್, ಬೈನರಿ ಲಾಗ್ ಮತ್ತು ದೋಷಲಾಗ್ ಕಡತಗಳು ರೂಟ್ ಹೆಸರಿನಲ್ಲಿ ಉಳಿಯುತ್ತವೆ. ಮುಂದಿನ ಬಾರಿ ಸೇವೆ ತನ್ನ ಸ್ವಂತ ಬಳಕೆದಾರನಾಗಿ ಎದ್ದಾಗ ಅವನ್ನು ತೆರೆಯಲಾರದು. ಹೀಗೆ ಮೂಲ ತೊಂದರೆಯ ಮೇಲೆ ಎರಡನೆಯದು ಸೇರಿಕೊಳ್ಳುತ್ತದೆ. ಪೋಸ್ಟ್‌ಗ್ರೆಸ್ ರೂಟ್ ಆಗಿ ಓಡಲು ನಿರಾಕರಿಸುವುದರಿಂದ ಅಲ್ಲಿ ಈ ಅಪಾಯವಿಲ್ಲ, ಆದರೆ ರೂಟ್ ಆಗಿ ನಕಲಿಸಿದ ಕಾನ್ಫಿಗರೇಶನ್ ಕಡತಗಳು ಇದೇ ಫಲ ಕೊಡುತ್ತವೆ. ತಪ್ಪು ಮಾಲೀಕನಿರುವ ಕಡತಗಳನ್ನು ಹೆಕ್ಕಲು ‘ಫೈಂಡ್’ ಆಜ್ಞೆಗೆ ಆಶ್ಚರ್ಯಸೂಚಕ ಚಿಹ್ನೆಯನ್ನೂ ಯೂಸರ್ ಆಯ್ಕೆಯನ್ನೂ ಕೊಡಿ. ಆ ಬಳಕೆದಾರನಿಗೆ ಸೇರದ ಎಲ್ಲವೂ ಪಟ್ಟಿಯಾಗುತ್ತದೆ. ಲಾಗ್‌ಗಳಿರುವ ಡೈರೆಕ್ಟರಿಯ ಮೇಲೂ ಇದನ್ನು ಓಡಿಸಿ.

ಹಂತ 4: ಕಡತದವರೆಗಿನ ಇಡೀ ಹಾದಿಯನ್ನು ಪರೀಕ್ಷಿಸಿ

ಒಳಕೋಣೆಯ ಬೀಗದ ಕೈ ನಿಮ್ಮಲ್ಲಿದ್ದರೂ ಹೊರಬಾಗಿಲು ದಾಟದೆ ಅಲ್ಲಿಗೆ ಹೋಗಲಾಗದು. ಲಿನಕ್ಸ್‌ನಲ್ಲಿ ಡೈರೆಕ್ಟರಿಯೊಂದನ್ನು ದಾಟಿ ಹೋಗಲು ಅದರ ಮೇಲೆ ಎಕ್ಸಿಕ್ಯೂಟ್ ಅನುಮತಿ, ಅಂದರೆ ಎಕ್ಸ್ ಬಿಟ್, ಇರಬೇಕು. ಡೇಟಾ ಡೈರೆಕ್ಟರಿ ಸರಿಯಾಗಿದ್ದು ಅದರ ಮೇಲಿನ ಯಾವುದೋ ಒಂದರಲ್ಲಿ ಈ ಬಿಟ್ ಇಲ್ಲದಿದ್ದರೂ ಬರುವ ದೋಷ 13 ಆಗಿರುತ್ತದೆ. ‘ನೇಮ್‌ಐ’ ಆಜ್ಞೆಗೆ ಎಲ್ ಆಯ್ಕೆಯೊಂದಿಗೆ ಪೂರ್ಣ ಹಾದಿಯನ್ನು ಕೊಟ್ಟರೆ, ಮೂಲದಿಂದ ಕೊನೆಯವರೆಗೆ ಪ್ರತಿ ಮೆಟ್ಟಿಲಿನ ಮಾಲೀಕ ಮತ್ತು ಅನುಮತಿಯನ್ನು ಒಂದರ ಕೆಳಗೊಂದು ತೋರಿಸುತ್ತದೆ, ನಡುವಿನ ಸಾಂಕೇತಿಕ ಕೊಂಡಿಗಳನ್ನೂ ಬಿಡಿಸಿ ಹೇಳುತ್ತದೆ. ಸಾಂಕೇತಿಕ ಕೊಂಡಿ, ಅಂದರೆ ಸಿಮ್‌ಲಿಂಕ್, ಬೇರೆ ಜಾಗದ ಕಡತಕ್ಕೆ ಬೊಟ್ಟುಮಾಡುವ ಪುಟ್ಟ ಗುರುತು. ಈ ಆಜ್ಞೆ ಹೆಚ್ಚು ಜನರಿಗೆ ಪರಿಚಯವಿಲ್ಲ. ನನ್ನ ಅಭಿಪ್ರಾಯದಲ್ಲಿ ಇಡೀ ಕೆಲಸದಲ್ಲಿ ಅತ್ಯಂತ ಉಪಯುಕ್ತವಾದ ಆಜ್ಞೆ ಇದೇ.

ಅಂತಿಮ ಖಾತ್ರಿಗೆ, ಸುಡೊ ಮೂಲಕ ಡೇಟಾಬೇಸ್ ಬಳಕೆದಾರನಾಗಿಯೇ ಆ ಕಡತವನ್ನು ‘ಸ್ಟ್ಯಾಟ್’ ಮಾಡಿ, ನಂತರ ‘ಟೆಸ್ಟ್’ ಆಜ್ಞೆಯಿಂದ ಅದನ್ನು ಓದಲೂ ಬರೆಯಲೂ ಅನುಮತಿ ಇದೆಯೇ ಎಂದು ಕೇಳಿ. ಎಲ್ಲವೂ ಸರಿ ಎಂಬ ಉತ್ತರ ಬಂದು, ಸೇವೆಗೆ ಮಾತ್ರ ಆಗುತ್ತಿಲ್ಲವೆಂದಾದರೆ, 5ನೇ ಹಂತದ ಕೊನೆಯ ಭಾಗವನ್ನಷ್ಟೇ ಓದಿ ಮುಂದಿನದಕ್ಕೆ ಹೋಗಿ.

ಹಂತ 5: ಮಾಲೀಕತ್ವ ಮತ್ತು ಅನುಮತಿಯನ್ನು ಸರಿಪಡಿಸಿ

ಮಾಲೀಕನನ್ನು ಬದಲಿಸುವ ಆಜ್ಞೆ ‘ಚೌನ್’, ಅನುಮತಿಯನ್ನು ಬದಲಿಸುವುದು ‘ಚ್‌ಮಾಡ್’. ಸರ್ವರ್ ನಿಂತಿದೆ ಎಂದು ಖಚಿತಪಡಿಸಿಕೊಂಡು, ಡೇಟಾ ಡೈರೆಕ್ಟರಿಯ ಮೇಲೆ ದೊಡ್ಡಕ್ಷರದ ಆರ್ ಆಯ್ಕೆಯೊಂದಿಗೆ ‘ಚೌನ್’ ಓಡಿಸಿ ಬಳಕೆದಾರ ಮತ್ತು ಗುಂಪು ಎರಡನ್ನೂ ಕೊಡಿ. ಹಾದಿಯನ್ನು ಟೈಪಿಸಿದ ಮೇಲೆ ಎಂಟರ್ ಒತ್ತುವ ಮುನ್ನ ಮತ್ತೊಮ್ಮೆ ಓದಿ. ತಪ್ಪಿ /ವರ್ ಡೈರೆಕ್ಟರಿಯ ಮೇಲೆಯೇ ಈ ಆಜ್ಞೆ ಓಡಿದರೆ ಇಡೀ ವ್ಯವಸ್ಥೆಯ ಸೇವೆಗಳು ಕೆಡುತ್ತವೆ.

ಇಲ್ಲೊಂದು ಹೊಂಡವಿದೆ. ಈ ಆಜ್ಞೆ ಸಾಂಕೇತಿಕ ಕೊಂಡಿಗಳ ಹಿಂದಿರುವ ಡೈರೆಕ್ಟರಿಗಳೊಳಗೆ ತಾನಾಗಿ ಇಳಿಯುವುದಿಲ್ಲ. ಪೋಸ್ಟ್‌ಗ್ರೆಸ್‌ನಲ್ಲಿ ಟೇಬಲ್‌ಸ್ಪೇಸ್‌ಗಳು, ಅಂದರೆ ಡೇಟಾ ಡೈರೆಕ್ಟರಿಯ ಹೊರಗೆ ಟೇಬಲ್‌ಗಳನ್ನಿಡಲು ಗೊತ್ತುಮಾಡಿದ ಜಾಗಗಳು, ‘ಪಿಜಿ_ಟಿಬಿಎಲ್‌ಎಸ್‌ಪಿಸಿ’ ಒಳಗಿನ ಕೊಂಡಿಗಳಾಗಿ ಮಾತ್ರ ಇರುತ್ತವೆ. ಬದಲಾವಣೆಯ ದಾಖಲೆಗಳಿರುವ ‘ಪಿಜಿ_ವಾಲ್’ ಡೈರೆಕ್ಟರಿಯನ್ನು ಬೇರೆ ಡಿಸ್ಕಿಗೆ ಕೊಂಡಿ ಹಾಕಿದ್ದರೆ ಅದೂ ಅಷ್ಟೇ. ಸೇವೆ ಎದ್ದು, ಕೆಲವು ಟೇಬಲ್‌ಗಳು ಮಾತ್ರ ತೆರೆಯದಿದ್ದರೆ ಮೊದಲು ಇಲ್ಲಿ ನೋಡಿ. ಕೊಂಡಿಗಳು ಬೊಟ್ಟುಮಾಡುವ ನಿಜವಾದ ಜಾಗಗಳಿಗೆ ಪ್ರತ್ಯೇಕವಾಗಿ ‘ಚೌನ್’ ಮಾಡಬೇಕು.

ಈಗ, ಸರ್ವರ್ ತಾನೇ ಹೇರುವ ನಿಯಮಗಳು. ಪೋಸ್ಟ್‌ಗ್ರೆಸ್ ತನ್ನ ಡೇಟಾ ಡೈರೆಕ್ಟರಿಯ ಅನುಮತಿ 0700, ಅಂದರೆ ಮಾಲೀಕನಿಗೆ ಮಾತ್ರ ಪ್ರವೇಶ, ಇರಬೇಕೆಂದು ಪಟ್ಟುಹಿಡಿಯುತ್ತದೆ. 11ನೇ ಆವೃತ್ತಿಯಿಂದ ಗುಂಪಿಗೆ ಓದುವ ಅವಕಾಶವಿರುವ 0750 ಕೂಡ ಒಪ್ಪಿಗೆ. ಇದಕ್ಕಿಂತ ಸಡಿಲವಿದ್ದರೆ ‘ಡೇಟಾ ಡೈರೆಕ್ಟರಿ ಹ್ಯಾಸ್ ಇನ್‌ವ್ಯಾಲಿಡ್ ಪರ್ಮಿಷನ್ಸ್’ ಎಂದು ಹೇಳಿ ನಿಂತುಬಿಡುತ್ತದೆ. 777 ಕೊಟ್ಟವರ ಸೇವೆ ಏಳದಿರುವುದಕ್ಕೆ ಇದೇ ಕಾರಣ. ಟಿಎಲ್‌ಎಸ್, ಅಂದರೆ ಗೂಢಲಿಪೀಕರಿಸಿದ, ಸಂಪರ್ಕಕ್ಕೆ ಬಳಸುವ ಖಾಸಗಿ ಕೀ ಕಡತದ ವಿಷಯದಲ್ಲೂ ಅದು ಇಷ್ಟೇ ಬಿಗಿ: ಕೀ ಡೇಟಾಬೇಸ್ ಬಳಕೆದಾರನದಾಗಿದ್ದರೆ 0600, ರೂಟ್‌ನದಾಗಿದ್ದರೆ 0640, ಅಥವಾ ಅದಕ್ಕಿಂತ ಬಿಗಿ. ಎರಡನೆಯ ಸಂದರ್ಭದಲ್ಲಿ ಕಡತದ ಗುಂಪಿನಲ್ಲಿ ಡೇಟಾಬೇಸ್ ಬಳಕೆದಾರ ಸೇರಿರಬೇಕು.

ಮೈಎಸ್‌ಕ್ಯೂಎಲ್ ಮತ್ತು ಮರಿಯಾಡಿಬಿ ಇಷ್ಟು ನಿಷ್ಠುರವಲ್ಲ, ಆದರೆ ಅವುಗಳ ಮೌನ ಹೆಚ್ಚು ಅಪಾಯಕಾರಿ. ಕಾನ್ಫಿಗರೇಶನ್ ಕಡತಕ್ಕೆ ಯಾರು ಬೇಕಾದರೂ ಬರೆಯಬಹುದೆಂಬ ಅನುಮತಿಯಿದ್ದರೆ ಅವು ಆ ಕಡತವನ್ನೇ ಕಡೆಗಣಿಸಿ, ಒಂದು ಎಚ್ಚರಿಕೆಯ ಸಾಲನ್ನಷ್ಟೇ ಬರೆದು ಮುಂದುವರಿಯುತ್ತವೆ. ಆಗ ನೀವು ಕೊಟ್ಟ ಡೇಟಾ ಡೈರೆಕ್ಟರಿಯ ಬದಲು ಮೂಲನಿಯೋಜಿತ ಜಾಗದಲ್ಲಿ ಸರ್ವರ್ ಏಳಬಹುದು, ಮತ್ತು ಎಲ್ಲ ಡೇಟಾವೂ ಕಾಣೆಯಾದಂತೆ ಕಾಣಬಹುದು. ಕಾನ್ಫಿಗರೇಶನ್ ಕಡತಕ್ಕೆ 0644 ಸಾಕು. ಮೈಎಸ್‌ಕ್ಯೂಎಲ್ ತಾನು ಹೊಸದಾಗಿ ರಚಿಸುವ ಕಡತಗಳಿಗೆ 0640, ಡೈರೆಕ್ಟರಿಗಳಿಗೆ 0750 ಕೊಡುತ್ತದೆ. ಕೈಯಾರೆ ಸರಿಪಡಿಸುವಾಗ ಅದನ್ನೇ ಅಳತೆಯಾಗಿ ಇಟ್ಟುಕೊಳ್ಳಿ.

ಒಮ್ಮೆ ಎಲ್ಲಕ್ಕೂ 777 ಕೊಟ್ಟಾಗಿದ್ದರೆ, ಹಿಂತಿರುಗಲು ಎಲ್ಲದರ ಮೇಲೂ 700 ಹೇರಬೇಡಿ. ಸಾಮಾನ್ಯ ಕಡತಗಳೂ ಎಕ್ಸಿಕ್ಯೂಟ್ ಬಿಟ್ ಹೊತ್ತುಕೊಂಡು ಉಳಿಯುತ್ತವೆ. ‘ಫೈಂಡ್’ ಮೂಲಕ ಡೈರೆಕ್ಟರಿಗಳನ್ನೂ ಕಡತಗಳನ್ನೂ ಬೇರ್ಪಡಿಸಿ, ಪೋಸ್ಟ್‌ಗ್ರೆಸ್‌ನಲ್ಲಾದರೆ ಕ್ರಮವಾಗಿ 0700 ಮತ್ತು 0600 ಕೊಡುವುದು ಸರಿಯಾದ ವಿಧಾನ.

ಹಂತ 6: ಎಸ್‌ಇಲಿನಕ್ಸ್ ಮತ್ತು ಆ್ಯಪ್‌ಆರ್ಮರ್

ಇವೆರಡೂ ಕಡತದ ಸಾಮಾನ್ಯ ಅನುಮತಿಗಳ ಮೇಲೆ ಕುಳಿತ ಹೆಚ್ಚುವರಿ ಕಾವಲು. ಇವು ಬೇಡವೆಂದರೆ ಮಾಲೀಕನಿಗೂ ಪ್ರವೇಶವಿಲ್ಲ, ಆದರೆ ಡೇಟಾಬೇಸ್ ಲಾಗ್‌ನಲ್ಲಿ ಬರುವುದು ಅದೇ 13.

ರೆಡ್ ಹ್ಯಾಟ್ ಬಳಗದಲ್ಲಿ ಎಸ್‌ಇಲಿನಕ್ಸ್ ಇರುತ್ತದೆ. ಅದು ಪ್ರತಿ ಕಡತಕ್ಕೂ ಒಂದು ಲೇಬಲ್ ಅಂಟಿಸುತ್ತದೆ, ಯಾವ ಸೇವೆ ಯಾವ ಲೇಬಲ್ಲಿನ ಕಡತ ಮುಟ್ಟಬಹುದೆಂದು ನೀತಿಯಲ್ಲಿ ಬರೆದಿರುತ್ತದೆ. ‘ಎಲ್‌ಎಸ್’ಗೆ ದೊಡ್ಡಕ್ಷರದ ಝಡ್ ಆಯ್ಕೆ ಕೊಟ್ಟರೆ ಲೇಬಲ್ ಕಾಣುತ್ತದೆ: ಮೈಎಸ್‌ಕ್ಯೂಎಲ್ ಡೇಟಾಗೆ ‘ಮೈಎಸ್‌ಕ್ಯೂಎಲ್‌ಡಿ_ಡಿಬಿ_ಟಿ’, ಪೋಸ್ಟ್‌ಗ್ರೆಸ್ ಡೇಟಾಗೆ ‘ಪೋಸ್ಟ್‌ಗ್ರೆಸ್‌ಕ್ಯೂಎಲ್_ಡಿಬಿ_ಟಿ’ ಇರಬೇಕು. ‘ಎಯುಸರ್ಚ್’ ಆಜ್ಞೆಯಲ್ಲಿ ಎವಿಸಿ ಸಂದೇಶಗಳನ್ನು ಹುಡುಕಿದರೆ ನಿರಾಕರಣೆಯ ದಾಖಲೆ ಸಿಗುತ್ತದೆ. ಡೇಟಾ ಮಾಮೂಲಿ ಜಾಗದಲ್ಲೇ ಇದ್ದರೆ ‘ರಿಸ್ಟೋರ್‌ಕಾನ್’ ಲೇಬಲ್‌ಗಳನ್ನು ಸರಿಪಡಿಸುತ್ತದೆ. ಬೇರೆ ಡಿಸ್ಕಿನಲ್ಲಿದ್ದರೆ ಮೊದಲು ‘ಎಸ್‌ಇಮ್ಯಾನೇಜ್ ಎಫ್‌ಕಾಂಟೆಕ್ಸ್ಟ್’ ಮೂಲಕ ಆ ಹಾದಿಗೆ ಸರಿಯಾದ ಲೇಬಲ್ಲನ್ನು ನೀತಿಯಲ್ಲೇ ನಮೂದಿಸಿ, ಆಮೇಲೆ ‘ರಿಸ್ಟೋರ್‌ಕಾನ್’ ಓಡಿಸಿ. ‘ಸಿಎಚ್‌ಕಾನ್’ ಆಜ್ಞೆಯಿಂದ ನೇರವಾಗಿ ಹಚ್ಚಿದ ಲೇಬಲ್ ಮುಂದೊಮ್ಮೆ ಮರುಲೇಬಲಿಂಗ್ ನಡೆದಾಗ ಅಳಿಸಿಹೋಗುತ್ತದೆ. ಹಿಂದೆ ಹಾಗೆ ಮಾಡಿದ್ದ ಸರ್ವರ್‌ಗಳಲ್ಲಿ ಅಪ್‌ಗ್ರೇಡ್ ದಿನವೇ ತೊಂದರೆ ಕಾಣಿಸಿಕೊಳ್ಳುವುದು ಇದರಿಂದಲೇ. ‘ಸೆಟ್‌ಎನ್‌ಫೋರ್ಸ್ 0’ ಕೊಟ್ಟು ತಾತ್ಕಾಲಿಕವಾಗಿ ಸಡಿಲಿಸಿ ನೋಡುವುದು ರೋಗ ಗುರುತಿಸಲು ತಕ್ಕ ಉಪಾಯ. ಗುರುತಿಸಿದ ತಕ್ಷಣ 1 ಕೊಟ್ಟು ಮರಳಿ ಬಿಗಿಗೊಳಿಸಿ. ಅದನ್ನೇ ಪರಿಹಾರವೆಂದು ಬಿಟ್ಟುಬಿಡುವುದನ್ನು ನಾನು ಒಪ್ಪುವುದಿಲ್ಲ.

ಉಬುಂಟುವಿನ ಮೈಎಸ್‌ಕ್ಯೂಎಲ್ ಪ್ಯಾಕೇಜ್ ಆ್ಯಪ್‌ಆರ್ಮರ್ ಪ್ರೊಫೈಲ್ ಒಂದನ್ನು ಜೊತೆಗೆ ತರುತ್ತದೆ. ಸರ್ವರ್ ಮುಟ್ಟಬಹುದಾದ ಹಾದಿಗಳ ಪಟ್ಟಿ ಅದು. ನಿಮ್ಮ ಹೊಸ ಹಾದಿಯನ್ನು ಮುಖ್ಯ ಪ್ರೊಫೈಲಿನಲ್ಲೇ ಬರೆದಿದ್ದರೆ ಅಪ್‌ಗ್ರೇಡ್ ಅದನ್ನು ಹೊಸ ಪ್ರತಿಯಿಂದ ಮುಚ್ಚಿಹಾಕಬಹುದು. ಆದ್ದರಿಂದ ಅಂಥ ಸೇರ್ಪಡೆಗಳು ‘ಲೋಕಲ್’ ಉಪಡೈರೆಕ್ಟರಿಯ ಕಡತದಲ್ಲಿರಲಿ. ಬದಲಿಸಿದ ಮೇಲೆ ‘ಆ್ಯಪ್‌ಆರ್ಮರ್_ಪಾರ್ಸರ್’ ಆಜ್ಞೆಯಿಂದ ಪ್ರೊಫೈಲನ್ನು ಮರುಲೋಡ್ ಮಾಡಬೇಕು. ನಿರಾಕರಣೆಗಳು ಕರ್ನೆಲ್ ಲಾಗ್‌ನಲ್ಲಿ ‘ಡಿನೈಡ್’ ಎಂದು ಬರುತ್ತವೆ. ಮೈಎಸ್‌ಕ್ಯೂಎಲ್ ತೆಗೆದು ಮರಿಯಾಡಿಬಿ ಹಾಕಿದವರು ‘ಎಎ-ಸ್ಟೇಟಸ್’ ಕೊಟ್ಟು ನೋಡಲಿ, ಹಳೆಯ ಪ್ರೊಫೈಲ್ ಕರ್ನೆಲ್‌ನಲ್ಲಿ ಇನ್ನೂ ಜಾರಿಯಲ್ಲಿರುವ ಸಾಧ್ಯತೆ ಇದೆ.

ಹಂತ 7: ಸಿಸ್ಟಮ್‌ಡಿಯ ಬೇಲಿ

ಮರಿಯಾಡಿಬಿಯ ಸೇವಾಕಡತದಲ್ಲಿ ‘ಪ್ರೊಟೆಕ್ಟ್‌ಹೋಮ್’ ಜಾರಿಯಲ್ಲಿರುತ್ತದೆ. ಡೇಟಾವನ್ನು /ಹೋಮ್ ಅಡಿಗೆ ಸಾಗಿಸಿದ್ದರೆ ಸರ್ವರ್‌ಗೆ ಆ ಜಾಗವೇ ಕಾಣುವುದಿಲ್ಲ. ಡೇಟಾವನ್ನು ಅಲ್ಲಿಂದ ಹೊರಗೆ ಇಡುವುದು ಉತ್ತಮ. ಅನಿವಾರ್ಯವಾದರೆ ‘ಸಿಸ್ಟಮ್‌ಸಿಟಿಎಲ್ ಎಡಿಟ್’ ಮೂಲಕ ಪ್ರತ್ಯೇಕ ತಿದ್ದುಪಡಿ ಕಡತ ಮಾಡಿ ಅದರಲ್ಲಿ ಬದಲಿಸಿ. ಪ್ಯಾಕೇಜ್ ತಂದ ಸೇವಾಕಡತವನ್ನೇ ತಿದ್ದಿದರೆ ಮುಂದಿನ ಅಪ್‌ಗ್ರೇಡ್ ಅದನ್ನು ಅಳಿಸುತ್ತದೆ. ‘ಪ್ರೈವೇಟ್‌ಟೆಂಪ್’ ಜಾರಿಯಲ್ಲಿದ್ದರೆ ಸೇವೆಗೆ ಕಾಣುವ /ಟೆಂಪ್ ನಿಮಗೆ ಕಾಣುವುದಕ್ಕಿಂತ ಬೇರೆ, ಅಲ್ಲಿಟ್ಟ ಸಾಕೆಟ್ ಕ್ಲೈಂಟ್‌ಗೆ ಸಿಗದು. /ರನ್ ಅಡಿಯ ಡೈರೆಕ್ಟರಿಗಳು ಪ್ರತಿ ಬೂಟ್‌ನಲ್ಲೂ ಹೊಸದಾಗಿ ಹುಟ್ಟುವುದರಿಂದ ಅಲ್ಲಿ ಕೈಯಾರೆ ಮಾಡಿದ ‘ಚೌನ್’ ಮರುಬೂಟ್‌ಗೆ ಉಳಿಯುವುದಿಲ್ಲ.

ಹಂತ 8: ಅಪ್‌ಗ್ರೇಡ್ ಉಪಕರಣವೇ ನಿಂತುಹೋದರೆ

ಪೋಸ್ಟ್‌ಗ್ರೆಸ್‌ನ ‘ಪಿಜಿ_ಅಪ್‌ಗ್ರೇಡ್’ ಅನ್ನು ಪೋಸ್ಟ್‌ಗ್ರೆಸ್ ಬಳಕೆದಾರನಾಗಿ, ಅವನು ಬರೆಯಬಲ್ಲ ಡೈರೆಕ್ಟರಿಯೊಂದರಲ್ಲಿ ನಿಂತು ಓಡಿಸಬೇಕು. ರೂಟ್‌ನ ಮನೆ ಡೈರೆಕ್ಟರಿಯಲ್ಲಿ ನಿಂತು ಸುಡೊ ಮಾಡಿದರೆ ‘ಪ್ರಸ್ತುತ ಡೈರೆಕ್ಟರಿಗೆ ಓದುವ, ಬರೆಯುವ ಅನುಮತಿ ಬೇಕು’ ಎಂಬ ಅರ್ಥದ ದೋಷ ಬರುತ್ತದೆ. ‘ಪಿಎಸ್‌ಕ್ಯೂಎಲ್’ ಓಡಿಸುವಾಗ ಡೈರೆಕ್ಟರಿ ಬದಲಿಸಲಾಗಲಿಲ್ಲ ಎಂದು ಬರುವ ಸಾಲು ಇದೇ ಕಾರಣದ್ದು, ಅದರಿಂದ ಹಾನಿಯಿಲ್ಲ. ಲಿಂಕ್ ಆಯ್ಕೆ ಬಳಸಿದವರಿಗೆ ಒಂದು ಎಚ್ಚರಿಕೆ: ಹಳೆಯ ಮತ್ತು ಹೊಸ ಡೈರೆಕ್ಟರಿಗಳು ಅದೇ ಕಡತಗಳನ್ನು ಹಂಚಿಕೊಂಡಿರುತ್ತವೆ. ಒಂದರಲ್ಲಿ ಅನುಮತಿ ಬದಲಿಸಿದರೆ ಇನ್ನೊಂದರಲ್ಲೂ ಬದಲಾಗುತ್ತದೆ, ಮತ್ತು ಹೊಸ ಸರ್ವರ್ ಒಮ್ಮೆ ಎದ್ದ ಮೇಲೆ ಹಳೆಯದನ್ನು ಆರಂಭಿಸುವುದು ಸುರಕ್ಷಿತವಲ್ಲ.

ಮೈಎಸ್‌ಕ್ಯೂಎಲ್ 8.0.16ರಿಂದ ವ್ಯವಸ್ಥಾ ಟೇಬಲ್‌ಗಳ ಅಪ್‌ಗ್ರೇಡನ್ನು ಸರ್ವರ್ ತಾನೇ ಆರಂಭದಲ್ಲಿ ಮಾಡುತ್ತದೆ. ಆದ್ದರಿಂದ ಡೇಟಾ ಡೈರೆಕ್ಟರಿಯಲ್ಲಿ ಬರೆಯಲಾಗದ ಒಂದೇ ಕಡತವಿದ್ದರೂ ಮೊದಲ ಆರಂಭವೇ ಅರ್ಧದಲ್ಲಿ ಮುರಿಯಬಹುದು.

ಹಂತ 9: ಆರಂಭಿಸಿ, ಬದಿಯ ಕೆಲಸಗಳನ್ನೂ ಪರೀಕ್ಷಿಸಿ

ಸೇವೆ ಎದ್ದಿತೆಂದು ಟರ್ಮಿನಲ್ ಮುಚ್ಚಬೇಡಿ. ಒಮ್ಮೆ ಯಂತ್ರವನ್ನು ಮರುಬೂಟ್ ಮಾಡಿ, ಸೇವೆ ತಾನಾಗಿ ಏಳುವುದೇ ನೋಡಿ. ಬ್ಯಾಕಪ್ ಸ್ಕ್ರಿಪ್ಟ್ ಗುಂಪಿನ ಅನುಮತಿಯ ಮೂಲಕ ಡೇಟಾ ಓದುತ್ತಿದ್ದರೆ, ಬಿಗಿಗೊಳಿಸಿದ ಅನುಮತಿ ಅದನ್ನು ಸದ್ದಿಲ್ಲದೆ ನಿಲ್ಲಿಸಿರಬಹುದು. ಅದನ್ನು ಕೈಯಾರೆ ಓಡಿಸಿ ನೋಡಿ. ಸರ್ವರ್ ಕಡೆಯ ಕಡತಕ್ಕೆ ಬರೆಯುವ ‘ಕಾಪಿ’ ಅಥವಾ ‘ಇಂಟು ಔಟ್‌ಫೈಲ್’ ಕೆಲಸಗಳು ಸರ್ವರ್ ಬಳಕೆದಾರನ ಅನುಮತಿಯಲ್ಲೇ ನಡೆಯುತ್ತವೆ ಎಂಬುದೂ ಗಮನದಲ್ಲಿರಲಿ.

ಪೋಸ್ಟ್‌ಗ್ರೆಸ್‌ನಲ್ಲಿ ವಾಲ್ ಆರ್ಕೈವಿಂಗ್, ಅಂದರೆ ಬದಲಾವಣೆಯ ದಾಖಲೆಗಳನ್ನು ಬೇರೆಡೆ ಉಳಿಸುವ ವ್ಯವಸ್ಥೆ, ಇದ್ದರೆ ‘ಪಿಜಿ_ಸ್ಟ್ಯಾಟ್_ಆರ್ಕೈವರ್’ ಎಂಬ ವ್ಯೂನಲ್ಲಿ ವೈಫಲ್ಯದ ಎಣಿಕೆ ಏರುತ್ತಿದೆಯೇ ಎಂದು ಕೆಲವು ಗಂಟೆಗಳ ನಂತರ ಮತ್ತೆ ನೋಡಿ. ಆರ್ಕೈವ್ ಜಾಗಕ್ಕೆ ಬರೆಯಲು ಹೊಸ ಸರ್ವರ್‌ಗೆ ಅನುಮತಿಯಿಲ್ಲದಿದ್ದರೆ ಸೇವೆ ಎಂದಿನಂತೆ ನಡೆಯುತ್ತಲೇ ಇರುತ್ತದೆ, ಉಳಿಸಲಾಗದ ದಾಖಲೆಗಳು ‘ಪಿಜಿ_ವಾಲ್’ನಲ್ಲಿ ಸೇರುತ್ತಾ ಹೋಗಿ ಡಿಸ್ಕ್ ತುಂಬಿದ ದಿನ ಸರ್ವರ್ ನಿಲ್ಲುತ್ತದೆ, ಆಗ ಲಾಗ್‌ನಲ್ಲಿ ಕಾಣುವುದು ಡಿಸ್ಕಿನಲ್ಲಿ ಜಾಗವಿಲ್ಲ ಎಂಬ ದೂರು. ಅಲ್ಲಿ ಸೇರಿದ ಕಡತಗಳನ್ನು ಕೈಯಾರೆ ಅಳಿಸಬೇಡಿ. ಆರ್ಕೈವ್ ಡೈರೆಕ್ಟರಿಯ ಮಾಲೀಕನನ್ನು ಸರಿಪಡಿಸಿದರೆ ಪೋಸ್ಟ್‌ಗ್ರೆಸ್ ಬಾಕಿಯನ್ನು ತಾನೇ ಸಾಗಿಸಿ ಜಾಗ ಬಿಡಿಸಿಕೊಳ್ಳುತ್ತದೆ.